ನಮ್ಮೂರ ದನದ ದೊಡ್ಡಿಯ ಬಾಗಿಲು ಮತ್ತೆ ತೆರೆಯಿರಿ

ಗ್ರಾಮ ಪಂಚಾಯ್ತಿಯ ಅಧ್ಯಕ್ಷರಿಗೆ, ಸದಸ್ಯರಿಗೆ, ಪಿಡಿಓ ಅವರಿಗೆ; ದನ ಕಟ್ಟಿಕೊಂಡವರಿಗೆ, ತೋಟ ಮಾಡಿಕೊಂಡವರಿಗೆ, ನಮ್ಮೂರಿನ ಎಲ್ಲರಿಗೂ

ನಮಸ್ಕಾರ. ತಪ್ಪಿಸಿಕೊಂಡು ಬೇರೆಯವರ ಬೆಳೆಗೆ ನುಗ್ಗಿದ ದನವನ್ನು ಹಿಡಿದು ಕೂಡಿಹಾಕುವ ನಮ್ಮೂರ ದೊಡ್ಡಿಯನ್ನು ಮತ್ತೆ ಶುರುಮಾಡಿ ಅಂತ ಕೇಳಲು ಈ ಪತ್ರ.

ಕಳೆದ ಆಷಾಢದ ಒಂದು ರಾತ್ರಿ ಕರುವಿನ ಕೂಗಿಗೆ ಎಚ್ಚರವಾಯಿತು. ಗಂಟೆ ಎರಡೂವರೆ. ಮಳೆ ಹಿಡಿದು ಹೊಡೆಯುತ್ತಿತ್ತು. ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋದರೆ ಕರು ಒಂದೇ ನಿಂತಿದೆ. ಕೌಲಿ ಇಲ್ಲ, ಕೆಂಪಿ ಇಲ್ಲ, ಗಬ್ಬದ ಕಡಸೂ ಇಲ್ಲ. ಕೌಲಿಯ ಕಣ್ಣಿ ಗೂಟದಲ್ಲೇ ನೇತಾಡುತ್ತಿತ್ತು, ಗಂಟು ಮಾತ್ರ ಬಿಚ್ಚಿಹೋಗಿತ್ತು. ನಾರಿನ ಹಗ್ಗ ಸಿಗಲಿಲ್ಲ ಅಂತ ಪೇಟೆಯಿಂದ ಪ್ಲಾಸ್ಟಿಕ್ ಹಗ್ಗ ತಂದಿದ್ದೆವು. ಅದು ಒದ್ದೆಯಾದರೆ ಗಂಟು ನಿಲ್ಲುವುದಿಲ್ಲ, ಜಾರುತ್ತದೆ. ಉಳಿದೆರಡನ್ನು ನಾವು ಕಟ್ಟುತ್ತಲೇ ಇರಲಿಲ್ಲ. ಕೌಲಿ ನಿಂತರೆ ಅವೂ ನಿಲ್ಲುತ್ತಿದ್ದವು. ಅವತ್ತು ಕೌಲಿ ಹೊರಟಳು, ಅವೂ ಹೊರಟವು.

ಅಂಗಳದ ತುದಿಯ ಉಣುಗೋಲಿನ, ಅಂದರೆ ಅಡ್ಡ ಗಳುಗಳ ಬಾಗಿಲಿನ, ನಾಲ್ಕು ಗಳುಗಳಲ್ಲಿ ಮೇಲಿನ ಎರಡು ನೆಲದ ಮೇಲೆ ಬಿದ್ದಿದ್ದವು. ಹಿಂದಿನ ಸಂಜೆ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಕಡೆಯದಾಗಿ ಒಳಗೆ ಬಂದವಳು ನಾನು. ಹೊರೆ ಇಳಿಸಿ ಬಂದು ಗಳು ಸರಿಸಿದರಾಯ್ತು ಅಂದುಕೊಂಡೆ. ಹಾಲು ಕರೆಯುವ ಹೊತ್ತಾಗಿತ್ತು, ಮರೆತೆ. ಮಲೆನಾಡು ಗಿಡ್ಡ ನಮ್ಮ ಸೊಂಟದೆತ್ತರದ ದನ, ಆದರೆ ಎರಡು ಗಳು ಅದಕ್ಕೆ ಲೆಕ್ಕವೇ ಅಲ್ಲ. ಕಾಲು ಮಡಚಿ ಹಾರಿದರೆ ಆಚೆ ಬದಿ.

ಮೂರು ದನ ಪಕ್ಕದ ಮನೆಯವರ ಹೊಸ ತೋಟದಲ್ಲಿದ್ದವು. ಗದ್ದೆ ಒಡೆದು ಅಡಿಕೆ ಹಾಕಿ ಎರಡು ವರ್ಷ ಆಗಿತ್ತು. ಬೆಳಗಾದ ಮೇಲೆ ನಾನೂ ಆ ಮನೆಯ ಯಜಮಾನರೂ ಕೊಪ್ಪೆ ಹಾಕಿಕೊಂಡು ಸಾಲು ಸಾಲಾಗಿ ನಡೆದು ಎಣಿಸಿದೆವು. 180 ಸಸಿಗಳಲ್ಲಿ 63ರ ಸುಳಿ ಹೋಗಿತ್ತು. ಒಂದು ಸಸಿಯ ಹತ್ತಿರ ಅವರು ಕೂತು, ಕಿತ್ತ ಸುಳಿಯ ಬುಡವನ್ನು ಹೆಬ್ಬೆರಳಿಂದ ಒತ್ತಿ ನೋಡಿದರು. ಒಳಗಿನ ಬಿಳಿ ತಿರುಳು ಕಾಣುತ್ತಿತ್ತು, ಅದರಲ್ಲಿ ಮಳೆ ನೀರು ನಿಂತಿತ್ತು. ಅವರು ಬೈಯಲಿಲ್ಲ. "ಇದಕ್ಕೆ ಏನಂತ ಲೆಕ್ಕ ಹಾಕೋದು?" ಅಂದರು. ಅಷ್ಟೇ.

ತೋಟದವರಿಗೆ ಇದು ಗೊತ್ತಿರುವ ವಿಷಯ, ಪೇಟೆಯಲ್ಲಿ ಕೂತು ಓದುವವರಿಗಾಗಿ ಹೇಳುತ್ತೇನೆ. ಬಾಳೆ ತಿಂದರೆ ಬುಡದಿಂದ ಮತ್ತೆ ಕಂದು ಬರುತ್ತದೆ. ಭತ್ತದ ಎಳೆ ಪೈರು ಮೇಯ್ದರೆ ಹೊಡೆ ಬರುವುದಕ್ಕೆ ಮುಂಚೆ ಆಗಿದ್ದರೆ ಚಿಗುರುತ್ತದೆ. ಅಡಿಕೆಗೆ ಇರುವುದು ಒಂದೇ ಸುಳಿ. ಅದನ್ನು ದನ ಕಿತ್ತು ತಿಂದರೆ ಸಸಿ ಮುಗಿಯಿತು. ಮತ್ತೆ ನೆಡಬೇಕು, ಮತ್ತೆ ನೀರು ಗೊಬ್ಬರ ನೆರಳು ಎಲ್ಲ ಮೊದಲಿನಿಂದ. ಫಸಲಿಗೆ ಐದಾರು ವರ್ಷ ಕಾಯುವ ಗಿಡ ಅದು. ನಾವು 63 ಸಸಿ ತಂದುಕೊಟ್ಟೆವು, ನೆಡುವ ಆಳಿನ ಕೂಲಿ ಕೊಟ್ಟೆವು. ಆ ಎರಡು ವರ್ಷವನ್ನು ಎಲ್ಲಿಂದ ತಂದುಕೊಡುವುದು? ಅವರಿಗೂ ಅದು ಗೊತ್ತು, ನಮಗೂ ಗೊತ್ತು. ಅವತ್ತಿಂದ ಎರಡು ಮನೆಗಳ ನಡುವೆ ಮಾತು ಕಡಿಮೆಯಾಗಿದೆ. ಹಬ್ಬಕ್ಕೆ ಕಜ್ಜಾಯ ಕೊಟ್ಟು ಕಳಿಸುತ್ತಿದ್ದ ಮನೆ ಅದು.

ತಪ್ಪು ನನ್ನದು. ಅದನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಯಾಕೆಂದರೆ ಮುಂದೆ ನಾನು ಕೇಳುತ್ತಿರುವುದು ನನ್ನ ತಪ್ಪನ್ನು ಪಂಚಾಯ್ತಿ ತಲೆಗೆ ಕಟ್ಟುವುದಕ್ಕಲ್ಲ. ದನ ಸಾಕಿದ ಮನೆಯಲ್ಲಿ ಒಂದಲ್ಲ ಒಂದು ದಿನ ದನ ತಪ್ಪಿಸಿಕೊಳ್ಳುತ್ತದೆ. ಹಗ್ಗ ಹರಿಯುತ್ತದೆ, ಬೇಲಿ ಮುರಿಯುತ್ತದೆ, ಬೆದೆಗೆ ಬಂದ ಹಸುವನ್ನು ಯಾವ ಗೂಟವೂ ತಡೆಯುವುದಿಲ್ಲ. ಹಾಗೆ ತಪ್ಪಿಸಿಕೊಂಡು ಬೇರೆಯವರ ಜಾಗಕ್ಕೆ ಹೋದ ದನವನ್ನು ಏನು ಮಾಡಬೇಕು ಅನ್ನುವುದಕ್ಕೆ ನಮ್ಮೂರಿನಲ್ಲಿ ಈಗ ಯಾವ ದಾರಿಯೂ ಉಳಿದಿಲ್ಲ. ತೋಟದವನು ನಷ್ಟ ನುಂಗಿಕೊಂಡು ಸುಮ್ಮನಿರಬೇಕು, ಇಲ್ಲಾ ಕೈಗೆ ಸಿಕ್ಕಿದ್ದನ್ನು ತಗೊಂಡು ದನದ ಮೇಲೆ ಹಾಕಬೇಕು. ಎರಡೂ ನಡೆಯುತ್ತಿದೆ. ಎರಡನೆಯದು ಜಾಸ್ತಿ ಆಗುತ್ತಿದೆ.

ನವರಾತ್ರಿ ಹೊತ್ತಿಗೆ ಊರಿನ ಇನ್ನೊಂದು ತುದಿಯಲ್ಲಿ ಏನಾಯ್ತು ಅಂತ ನಿಮಗೆಲ್ಲ ಗೊತ್ತಿದೆ. ಹೆಸರು ಬರೆಯುವುದಿಲ್ಲ. ಹಂದಿ ಕಾಟಕ್ಕೆ ಅಂತ ಬೇಲಿ ತಂತಿಗೆ ಮನೆಯ ಲೈನಿನಿಂದ ಕರೆಂಟ್ ಕೊಟ್ಟಿದ್ದರು. ಬಡವರ ಮನೆಯ ಒಂದು ಕಡಸು ಅದಕ್ಕೆ ತಾಗಿ ಸತ್ತಿತು. ನಾನು ನೋಡಲು ಹೋಗಿದ್ದೆ. ಕಾಲು ನೆಟ್ಟಗೆ ಸೆಟೆದಿದ್ದವು, ಬಾಯಲ್ಲಿ ಇನ್ನೂ ಹುಲ್ಲಿತ್ತು. ಕಡಸು ಹುಡುಕಿಕೊಂಡು ಮೊದಲು ಅಲ್ಲಿಗೆ ಬಂದದ್ದು ಆ ಮನೆಯ ಹತ್ತನೇ ಕ್ಲಾಸಿನ ಹುಡುಗಿ. ಅವಳು ಬರುವ ಹೊತ್ತಿಗೆ ಕರೆಂಟ್ ಹೋಗಿತ್ತು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗುವುದಕ್ಕೆ ನಾವೆಲ್ಲ ಎಷ್ಟು ಬೈಯುತ್ತೇವೆ. ಅವತ್ತು ಅದೇ ಒಂದು ಮಗುವನ್ನು ಉಳಿಸಿತು.

ಬೇಲಿಗೆ ಕರೆಂಟ್ ಕೊಡುವವರಿಗೆ ಕೈಮುಗಿದು ಹೇಳುತ್ತೇನೆ. ಅಂಗಡಿಯಲ್ಲಿ ಸಿಗುವ ಸೋಲಾರ್ ಝಟ್ಕಾ ಬೇಲಿಯೂ ನೀವು ಕೊಡುವ ಕರೆಂಟೂ ಒಂದೇ ಅಲ್ಲ. ಝಟ್ಕಾ ಯಂತ್ರ ಸೆಕೆಂಡಿಗೆ ಸುಮಾರು ಒಂದು ಸಲ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ಒಂದು ಪೆಟ್ಟು ಕೊಟ್ಟು ನಿಲ್ಲಿಸುತ್ತದೆ. ದನ ಬೆಚ್ಚಿ ಹಿಂದೆ ಹಾರುತ್ತದೆ, ಸಾಯುವುದಿಲ್ಲ. ಮನೆಯ 230 ವೋಲ್ಟಿನ ಲೈನ್ ಹಾಗಲ್ಲ. ಅದು ಬಿಡದೆ ಹರಿಯುತ್ತದೆ, ಮೈಯ ಮಾಂಸಖಂಡ ಬಿಗಿದುಕೊಳ್ಳುತ್ತದೆ, ಹಿಡಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವರಿಗೆ ಕೇಳಬೇಕಾ? ಹಂದಿಗೆ ಅಂತ ಇಡುವ ಸಿಡಿಮದ್ದಿನ ಉಂಡೆಯೂ ಹಾಗೆಯೇ. ಅದನ್ನು ದನ ಕಚ್ಚಿದರೆ ದವಡೆ ಒಡೆದು ಹೋಗುತ್ತದೆ. ಆ ದನ ತಕ್ಷಣ ಸಾಯುವುದಿಲ್ಲ. ತಿನ್ನಲಾಗದೆ, ಕುಡಿಯಲಾಗದೆ ದಿನಗಟ್ಟಲೆ ನರಳಿ ಸಾಯುತ್ತದೆ.

ಇಷ್ಟು ಹೇಳಿದ ಮೇಲೆ ದೊಡ್ಡಿಯ ವಿಷಯಕ್ಕೆ ಬರುತ್ತೇನೆ.

ಶಾಲೆ ಹಿಂದೆ, ಅರಳಿ ಮರದ ಬುಡದಲ್ಲಿ, ನಾಲ್ಕು ಕಡೆ ಎದೆಮಟ್ಟದ ಕಲ್ಲುಗೋಡೆ ಇದೆಯಲ್ಲ, ಈಗ ಒಳಗೆ ಲಂಟಾನ ಬೆಳೆದಿದೆ, ಮುರಿದ ನೀರಿನ ಪೈಪು ತಂದು ಹಾಕಿದ್ದಾರೆ. ಅದು ನಮ್ಮೂರ ದನದ ದೊಡ್ಡಿ. ಇಪ್ಪತ್ತೈದು ವರ್ಷದ ಕೆಳಗಿನ ಹುಡುಗರಿಗೆ ಅದು ಏನು ಅಂತಲೇ ಗೊತ್ತಿಲ್ಲ. ನಾನು ಮದುವೆಯಾಗಿ ಈ ಊರಿಗೆ ಬಂದಾಗ ಅಲ್ಲಿ ಒಬ್ಬ ದೊಡ್ಡಿ ಕಾಯುವವರಿದ್ದರು. ಯಾರ ಗದ್ದೆಗಾದರೂ ದನ ನುಗ್ಗಿದರೆ ಗದ್ದೆಯವರು ಅದನ್ನು ಹೊಡೆಯುತ್ತಿರಲಿಲ್ಲ, ದೊಡ್ಡಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಕಾಯುವವರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಎಷ್ಟು ದನ, ಯಾವ ಬಣ್ಣ, ಎಷ್ಟು ಹೊತ್ತಿಗೆ ಬಂತು, ಯಾರು ತಂದರು, ಯಾರದ್ದು. ದನದವನು ಸಂಜೆ ಹುಡುಕುತ್ತಾ ಬಂದು ದಂಡ ಕಟ್ಟಿ, ಮೇವಿನ ಖರ್ಚು ಕೊಟ್ಟು, ತಲೆ ತಗ್ಗಿಸಿಕೊಂಡು ದನ ಬಿಡಿಸಿಕೊಂಡು ಹೋಗುತ್ತಿದ್ದ.

ನಮ್ಮ ಮಾವ ಒಮ್ಮೆ ಹಾಗೆ ದಂಡ ಕಟ್ಟಿ ಬಂದಿದ್ದರು. ಮನೆಗೆ ಬಂದು ಎತ್ತನ್ನು ಕಟ್ಟಿ, ಸೀದಾ ಬೇಲಿಗೆ ಹೋಗಿ ಕತ್ತಲಾಗುವ ತನಕ ಕಂಡಿ ಮುಚ್ಚಿದರು. ಮರುದಿನ ಗದ್ದೆಯ ಮನೆಯವರ ಜೊತೆ ಎಂದಿನಂತೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಆಗ ನನಗೆ ಇದು ವಿಶೇಷ ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತದೆ. ಯಾಕೆಂದರೆ ಜಗಳ ಅವರಿಬ್ಬರ ನಡುವೆ ಇರಲೇ ಇಲ್ಲ. ದನ ಹಿಡಿದದ್ದಕ್ಕೆ ದೊಡ್ಡಿ ಇತ್ತು, ದಂಡ ಹಾಕುವುದಕ್ಕೆ ಪುಸ್ತಕ ಇತ್ತು. ಗದ್ದೆಯವರ ಸಿಟ್ಟು ದೊಡ್ಡಿಯವರೆಗೆ ನಡೆದುಕೊಂಡು ಹೋಗುವಷ್ಟರಲ್ಲಿ ಇಳಿದಿರುತ್ತಿತ್ತು.

ಇದು ನಮ್ಮೂರಿನವರು ಕಟ್ಟಿಕೊಂಡ ಪದ್ಧತಿ ಮಾತ್ರ ಅಲ್ಲ, ಕಾನೂನೇ ಇದೆ. ಬ್ರಿಟಿಷರ ಕಾಲದಲ್ಲಿ 1871ರಲ್ಲಿ ದನಗಳ ಅತಿಕ್ರಮ ಪ್ರವೇಶದ ಕಾಯ್ದೆ ಬಂತು. ಬೆಳೆ ಹಾಳು ಮಾಡಿದ ದನವನ್ನು ರೈತ ಹಿಡಿಯಬಹುದು, ಆದರೆ 24 ಗಂಟೆಯೊಳಗೆ ದೊಡ್ಡಿಗೆ ಕಳಿಸಬೇಕು ಅಂತ ಅದರಲ್ಲಿ ಬರೆದಿದೆ. ದೊಡ್ಡಿಯವನು ದನಕ್ಕೆ ಮೇವು ನೀರು ಕೊಡಲೇಬೇಕು. ಏಳು ದಿನ ಯಾರೂ ಬಿಡಿಸಿಕೊಳ್ಳದಿದ್ದರೆ ನೋಟಿಸು, ಅದಾದ ಮೇಲೂ ಬರದಿದ್ದರೆ ಹರಾಜು. ಆಗಿನ ದಂಡ ಹಸುವಿಗೆ 4 ಆಣೆ, ಕುರಿ ಮೇಕೆಗೆ 1 ಆಣೆ. ಆನೆಗೂ ಒಂದು ದರ ಇತ್ತು, 2 ರೂಪಾಯಿ. ನಮ್ಮ ರಾಜ್ಯಕ್ಕೆ ಅಂತಲೇ 1966ರಲ್ಲಿ ಬೇರೆ ಕಾಯ್ದೆ ಬಂದಿದೆ. ಆದರೆ ಕಾಯ್ದೆಯಲ್ಲಿರುವ ದೊಡ್ಡಿಗೆ ನಮ್ಮೂರಿನಲ್ಲಿ ಲಂಟಾನ ತುಂಬಿದೆ.

ಇದಕ್ಕಾಗಿ ನಾನು ಪಂಚಾಯ್ತಿಗೆ ಅರ್ಜಿ ಕೊಟ್ಟು ನಾಲ್ಕು ತಿಂಗಳಾಯಿತು. ಬಾಯಿ ಮಾತಲ್ಲಿ ಸಿಕ್ಕ ಉತ್ತರ ಒಂದೇ: "ಈಗ ದನ ಯಾರ ಮನೆಯಲ್ಲಿದೆ? ದೊಡ್ಡಿ ಯಾಕೆ?" ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು ಅಂತ ಕೇಳಿಕೊಳ್ಳುತ್ತೇನೆ.

ದನ ಕಡಿಮೆಯಾಗಿದೆ, ನಿಜ. ಆದರೆ ದನ ಕಾಯುವವರು ಅದಕ್ಕಿಂತ ಕಡಿಮೆಯಾಗಿದ್ದಾರೆ. ಮೊದಲು ಹತ್ತು ಮನೆಯ ದನಗಳನ್ನು ಒಬ್ಬ ಹುಡುಗ ಹೊಡೆದುಕೊಂಡು ಹೋಗಿ ಸಂಜೆ ತರುತ್ತಿದ್ದ. ಆ ಹುಡುಗರು ಈಗ ಶಾಲೆಗೆ ಹೋಗುತ್ತಿದ್ದಾರೆ, ಹೋಗಲೇಬೇಕು, ಅದು ಒಳ್ಳೆಯದೇ ಆಯ್ತು. ಅವರ ಜಾಗಕ್ಕೆ ಮಾತ್ರ ಯಾರೂ ಬಂದಿಲ್ಲ. ಎರಡನೆಯದು, ಮೊದಲು ಸುಗ್ಗಿ ಮುಗಿದು ಭತ್ತ ಕೊಯ್ದ ಮೇಲೆ ಮಳೆಗಾಲ ಬರುವವರೆಗೆ ಗದ್ದೆ ಬಯಲೆಲ್ಲ ದನಕ್ಕೆ ಬಿಟ್ಟಿದ್ದು. ಆಗ ದನ ತಪ್ಪಿಸಿಕೊಂಡರೂ ತಿನ್ನುವುದು ಕೂಳೆ, ಒಣಹುಲ್ಲು. ಯಾರಿಗೂ ನಷ್ಟ ಇಲ್ಲ. ಈಗ ಆ ಗದ್ದೆ ಬಯಲಿನ ಮುಕ್ಕಾಲು ಭಾಗ ಅಡಿಕೆ, ಬಾಳೆ, ಶುಂಠಿ. ವರ್ಷದ 12 ತಿಂಗಳೂ ಅಲ್ಲಿ ಬೆಳೆ ನಿಂತಿರುತ್ತದೆ. ಹಾಗಾಗಿ ದನ ಹತ್ತರಲ್ಲಿ ಎರಡಕ್ಕೆ ಇಳಿದಿದ್ದರೂ, ತಪ್ಪಿಸಿಕೊಂಡ ಒಂದು ದನ ಮಾಡುವ ನಷ್ಟ ಮೊದಲಿನ ಹತ್ತು ದನ ಮಾಡುತ್ತಿದ್ದುದಕ್ಕಿಂತ ಜಾಸ್ತಿ. ದೊಡ್ಡಿ ಈಗಲೇ ಹೆಚ್ಚು ಬೇಕಾಗಿರುವುದು.

ಮೇಯುವ ಜಾಗ ಎಲ್ಲಿ ಹೋಯ್ತು ಅನ್ನುವುದನ್ನೂ ಮಾತಾಡಬೇಕು. ಭೂಕಂದಾಯ ನಿಯಮದಲ್ಲಿ ಪ್ರತಿ 100 ದನಕ್ಕೆ 30 ಎಕರೆ ಗೋಮಾಳ ಇರಬೇಕು ಅಂತಿದೆ. ನಮ್ಮೂರ ಗೋಮಾಳದ ಸರ್ವೆ ನಂಬರ್ ಕಾಗದದ ಮೇಲೆ ಈಗಲೂ ಇದೆ. ನೆಲದ ಮೇಲೆ ಹೋಗಿ ನೋಡಿದರೆ ಒಂದು ಕಡೆ ಸಾಗುವಳಿ, ಒಂದು ಕಡೆ ಮನೆ, ಮಿಕ್ಕಲ್ಲಿ ಅಕೇಶಿಯಾ. ಅಕೇಶಿಯಾ ಎಲೆ ಬಿದ್ದ ನೆಲದಲ್ಲಿ ಹುಲ್ಲು ಹುಟ್ಟುವುದಿಲ್ಲ ಅಂತ ದನ ಕಾಯ್ದ ಯಾರನ್ನು ಕೇಳಿದರೂ ಹೇಳುತ್ತಾರೆ. ಒತ್ತುವರಿ ಮಾಡಿದವರಲ್ಲಿ ನಿಜವಾಗಿ ಗತಿ ಇಲ್ಲದವರೂ ಇದ್ದಾರೆ, ಅವರನ್ನು ಎಬ್ಬಿಸಿ ಅಂತ ನಾನು ಹೇಳಲಾರೆ. ಉಳಿದ ಜಾಗಕ್ಕಾದರೂ ಗಡಿ ಗುರುತು ಮಾಡಿ ಕಲ್ಲು ಹಾಕಿಸಿ. ಅಷ್ಟು ಉಳಿದರೂ ಹತ್ತು ಮನೆಯ ದನ ಹಗಲು ಹೊತ್ತು ಬೀದಿಗೆ ಬರುವುದಿಲ್ಲ.

ಹುಲ್ಲಿಲ್ಲದ ದನ ಕಾಡಿಗೆ ಹೋಗುತ್ತದೆ, ಅದನ್ನು ಹುಡುಕಿಕೊಂಡು ನಾವು ಹೋಗುತ್ತೇವೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಕಂಡ ಮಂಗನ ಕಾಯಿಲೆ ಇವತ್ತಿಗೂ ನಮ್ಮ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಬೇಸಿಗೆ ಬಂದರೆ ಭಯ ಹುಟ್ಟಿಸುತ್ತದೆ. ಅದನ್ನು ಹರಡುವುದು ಉಣುಗು, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳ. ಕಾಡಲ್ಲಿ ರಾತ್ರಿ ಕಳೆದು ಬಂದ ದನ ಮೈ ತುಂಬ ಉಣುಗು ಹೊತ್ತು ಕೊಟ್ಟಿಗೆಗೆ ಬರುತ್ತದೆ. ಹಾಗಾಗಿ ಡಿಸೆಂಬರಿನಿಂದ ಮೇ ತನಕ ದನ ಹುಡುಕಲು ಕಾಡಿಗೆ ಇಳಿಯುವವರು ದಯವಿಟ್ಟು ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಂಡು, ಮೈ ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಿ. ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ. ಮಕ್ಕಳನ್ನು ಕಳಿಸಬೇಡಿ. ದನ ಒಂದು ರಾತ್ರಿ ತಡವಾಗಿ ಸಿಕ್ಕರೂ ಪರವಾಗಿಲ್ಲ.

ದೊಡ್ಡಿ ಮತ್ತೆ ಶುರುವಾದರೆ ಹಳೆಯ ಕಾಲದ ಹಾಗೆಯೇ ಇರಬೇಕಾಗಿಲ್ಲ. ಈಗ ಒಂದು ಅನುಕೂಲ ಹೊಸದಾಗಿ ಬಂದಿದೆ, ಅದನ್ನು ನಾವು ಬಳಸುತ್ತಲೇ ಇಲ್ಲ. ದನದ ಕಿವಿಗೆ ಹಳದಿ ಓಲೆ ಹಾಕಿದ್ದಾರಲ್ಲ, ಅದರ ಮೇಲೆ 12 ಅಂಕಿಯ ನಂಬರ್ ಇದೆ. ಒಂದೊಂದು ದನಕ್ಕೆ ಒಂದೊಂದೇ ನಂಬರ್. ಯಾರ ದನ, ಯಾವ ಊರು, ಕಾಲುಬಾಯಿ ಜ್ವರದ ಚುಚ್ಚುಮದ್ದು ಯಾವಾಗ ಆಯ್ತು ಎಲ್ಲ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ. ದೊಡ್ಡಿಗೆ ಬಂದ ದನದ ಓಲೆ ನಂಬರ್ ನೋಡಿ ಪಶು ಆಸ್ಪತ್ರೆಗೆ ಒಂದು ಫೋನ್ ಮಾಡಿದರೆ ಯಜಮಾನ ಯಾರು ಅಂತ ಗೊತ್ತಾಗಬೇಕು. ಆಸ್ಪತ್ರೆಯವರ ಜೊತೆ ಕೂತು ಇಷ್ಟು ಒಪ್ಪಂದ ಮಾಡಿಕೊಳ್ಳುವುದು ಪಂಚಾಯ್ತಿಗೆ ಕಷ್ಟವಾ? ಓಲೆ ಕಿತ್ತುಹೋದ ದನಕ್ಕೆ ಮತ್ತೆ ಹಾಕಿಸುವುದು ನಮ್ಮ ಕೆಲಸ, ದನದವರ ಕೆಲಸ. ನಾನು ಕೌಲಿಗೆ ಮತ್ತೆ ಹಾಕಿಸಿದ್ದು ಈ ಘಟನೆ ಆದ ಮೇಲೆಯೇ. ಅಲ್ಲಿಯವರೆಗೆ ಒಂದು ವರ್ಷ ಹಾಗೇ ಬಿಟ್ಟಿದ್ದೆ.

ಇನ್ನು ನಷ್ಟದ ಲೆಕ್ಕ. ಹಳೆ ಕಾಯ್ದೆಯಲ್ಲಿ ದಂಡದ ಹಣ ತೋಟದವನಿಗೆ ಬರುವುದಿಲ್ಲ. ಪರಿಹಾರ ಬೇಕಿದ್ದರೆ ಕೋರ್ಟಿಗೆ ಹೋಗಬೇಕು. 63 ಅಡಿಕೆ ಸಸಿಗೆ ಯಾರು ಕೋರ್ಟಿಗೆ ಹೋಗುತ್ತಾರೆ? ಹೋದರೆ ಎರಡು ಮನೆಯೂ ಹಾಳು. ಹಾಗಾಗಿ ಪಂಚಾಯ್ತಿಯೇ ಮೂರು ಜನರನ್ನು ಗೊತ್ತು ಮಾಡಲಿ. ಒಬ್ಬ ಸದಸ್ಯರು, ತೋಟದ ಕೆಲಸ ಬಲ್ಲ ಒಬ್ಬರು, ದನ ಸಾಕಿ ಗೊತ್ತಿರುವ ಒಬ್ಬರು. ಅವರಲ್ಲಿ ಒಬ್ಬ ಹೆಂಗಸಾದರೂ ಇರಲಿ, ಯಾಕೆಂದರೆ ಕೊಟ್ಟಿಗೆ ಕೆಲಸ ಹೆಚ್ಚಿನ ಮನೆಗಳಲ್ಲಿ ನಮ್ಮದೇ. ದೂರು ಬಂದ ಮರುದಿನವೇ ಜಾಗಕ್ಕೆ ಹೋಗಿ, ಎಣಿಸಿ, ಎರಡು ಕಡೆಯವರ ಎದುರಿಗೆ ಬರೆದು, ಇಷ್ಟು ಕೊಡಬೇಕು ಅಂತ ಹೇಳಲಿ. ಅವತ್ತು ನನ್ನ ಪಕ್ಕದ ಮನೆಯವರು "ಏನಂತ ಲೆಕ್ಕ ಹಾಕೋದು" ಅಂದಾಗ ಲೆಕ್ಕ ಹಾಕುವ ಮೂರನೆಯವರು ಒಬ್ಬರು ಅಲ್ಲಿ ನಿಂತಿದ್ದರೆ ನಾವು ಇಷ್ಟು ದೂರ ಆಗುತ್ತಿರಲಿಲ್ಲ. ಅವರು ಜಾಸ್ತಿ ಕೇಳಲು ಸಂಕೋಚಪಟ್ಟರು, ನಾನು ಕೊಟ್ಟದ್ದು ಸಾಕಾಗಲಿಲ್ಲ ಅಂತ ನನಗೆ ಇವತ್ತಿಗೂ ಕೊರೆಯುತ್ತದೆ.

ಬಿಟ್ಟ ಹೋರಿಗಳ ಬಗ್ಗೆಯೂ ಒಂದು ಮಾತು. ತಪ್ಪಿಸಿಕೊಂಡ ದನ ಬೇರೆ, ಬಿಟ್ಟ ದನ ಬೇರೆ. ಜರ್ಸಿ ಗಂಡು ಕರುವನ್ನು ಯಾರೂ ಉಳುವುದಕ್ಕೆ ಕೊಳ್ಳುವುದಿಲ್ಲ. 2020ರ ಗೋಹತ್ಯೆ ತಡೆ ಕಾಯ್ದೆ ಬಂದ ಮೇಲೆ ಮಾರುವ ದಾರಿಯೂ ಮುಚ್ಚಿತು. ಆ ಕಾಯ್ದೆಯ ಚರ್ಚೆ ಇಲ್ಲಿ ಬೇಡ. ಆದರೆ ಕರುವನ್ನು ರಾತ್ರಿ ಹೊತ್ತು ಪಿಕಪ್‌ನಲ್ಲಿ ತಂದು ನಮ್ಮೂರ ಹೊಳೆ ಹತ್ತಿರ ಇಳಿಸಿ ಹೋಗುವುದನ್ನು ನಾವು ಕಣ್ಣಾರೆ ನೋಡಿದ್ದೇವೆ. ಆ ಹೋರಿಗಳು ಮಳೆಗಾಲದಲ್ಲಿ ಟಾರು ರಸ್ತೆ ಮೇಲೆ ಮಲಗುತ್ತವೆ, ಯಾಕೆಂದರೆ ಅಲ್ಲಿ ಕೆಸರಿಲ್ಲ, ನೆಲ ಬೆಚ್ಚಗಿರುತ್ತದೆ. ತಿರುವಿನಲ್ಲಿ ಬೈಕಿನವನಿಗೆ ಕಾಣುವುದಿಲ್ಲ. ಇವುಗಳಿಗೆ ಯಜಮಾನ ಬರುವುದಿಲ್ಲ, ಹರಾಜಿಗೂ ಜನ ಬರುವುದಿಲ್ಲ. ಇವನ್ನು ಒಂದು ಪಂಚಾಯ್ತಿಯ ದೊಡ್ಡಿ ಸುಧಾರಿಸಲಾರದು, ತಾಲ್ಲೂಕಿಗೆ ಒಂದು ಗೋಶಾಲೆಯಾದರೂ ಬೇಕು. ಅದನ್ನು ನೀವು ಮೇಲಿನವರಿಗೆ ಬರೆಯಿರಿ. ನಾವು ಹೈನುಗಾರರು ಮಾಡಬಹುದಾದದ್ದು ಒಂದಿದೆ. ಹೆಣ್ಣು ಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯದ ಕಡ್ಡಿ ಈಗ ಸಿಗುತ್ತದೆ, ನೂರಕ್ಕೆ ಸುಮಾರು 90 ಸಲ ಹೆಣ್ಣೇ ಆಗುತ್ತದೆ. ಡಾಕ್ಟರ ಹತ್ತಿರ ಕೇಳಿ ಹಾಕಿಸಿ. ಹುಟ್ಟಿದ ಮೇಲೆ ರಸ್ತೆಗೆ ಬಿಡುವುದಕ್ಕಿಂತ ಅದು ಎಷ್ಟೋ ಮೇಲು.

ಈಗ ನನ್ನಂತೆ ದನ ಕಟ್ಟಿಕೊಂಡವರಿಗೆ. ನಾವು ಪಂಚಾಯ್ತಿಯನ್ನು ಕೇಳುವ ಮೊದಲು ನಮ್ಮ ಕೊಟ್ಟಿಗೆ ನೋಡಿಕೊಳ್ಳಬೇಕು. ಪ್ಲಾಸ್ಟಿಕ್ ಹಗ್ಗ ಬಿಡಿ, ನಾರಿನದ್ದೋ ಹತ್ತಿಯದ್ದೋ ತನ್ನಿ, ಇಲ್ಲಾ ಸರಪಳಿ ಹಾಕಿ. ಮಳೆಗಾಲಕ್ಕೆ ಮುಂಚೆ ಗೂಟ ಅಲ್ಲಾಡಿಸಿ ನೋಡಿ. ಮುಂದಾಳು ದನ ಯಾವುದು ಅಂತ ನಿಮಗೆ ಗೊತ್ತಿರುತ್ತದೆ, ಅದನ್ನು ಕಟ್ಟದೆ ಮಲಗಬೇಡಿ. ಕೊರಳಿಗೆ ಗಂಟೆ ಕಟ್ಟಿ. ನಮ್ಮ ಅತ್ತೆ ದೊಂಟೆಯ, ಅಂದರೆ ದನದ ಕೊರಳ ಗಂಟೆಯ, ಸದ್ದಿನಲ್ಲೇ ದನ ಯಾವ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ಇದೆ, ಮೇಯುತ್ತಿದೆಯಾ ಮಲಗಿದೆಯಾ ಅಂತ ಹೇಳುತ್ತಿದ್ದರು. ಸದ್ದು ಬಿಟ್ಟು ಬಿಟ್ಟು ಬಂದರೆ ಮೇಯುತ್ತಿದೆ, ಒಂದೇ ಸಮ ಬಂದರೆ ನಡೆಯುತ್ತಿದೆ, ಎಲ್ಲಿಗೋ ಹೊರಟಿದೆ ಅಂತ ಅರ್ಥ. ಪ್ಲಾಸ್ಟಿಕ್ ಹಗ್ಗದ ಜೊತೆ ನಾವು ದೊಂಟೆಯನ್ನೂ ಅಟ್ಟಕ್ಕೆ ಹಾಕಿದ್ದೆವು. ಈಗ ಇಳಿಸಿ ಕೌಲಿಗೆ ಕಟ್ಟಿದ್ದೇನೆ.

ದನ ತಪ್ಪಿಸಿಕೊಂಡರೆ ಹಿಂದೆ ಓಡಬೇಡಿ. ಹಿಂದಿನಿಂದ ಓಡಿ ಬರುವವರು ಅದಕ್ಕೆ ಕಾಣುವುದಿಲ್ಲ, ಬರೀ ಸದ್ದು ಕೇಳುತ್ತದೆ. ಬೆದರಿ ಇನ್ನಷ್ಟು ತೋಟ ತುಳಿಯುತ್ತದೆ. ನಾಯಿ ಬಿಡಬೇಡಿ, ಟಾರ್ಚನ್ನು ಕಣ್ಣಿಗೆ ಹಿಡಿಯಬೇಡಿ. ಆ ರಾತ್ರಿ ನಮ್ಮ ಯಜಮಾನರು ಸಿಟ್ಟಿನಲ್ಲಿ ಕೂಗುತ್ತಾ ನುಗ್ಗಿದರು, ಕೌಲಿ ಓಡಿ ಇನ್ನೊಂದು ಸಾಲು ಮುರಿದಳು. ಆಮೇಲೆ ನಾನು ಬಾಲ್ದಿಯಲ್ಲಿ ಹಿಂಡಿ ಕಲಸಿಕೊಂಡು ಹೋಗಿ, ಅವಳ ಭುಜದ ಪಕ್ಕ ನಿಂತು, ದಿನಾ ಹಾಲು ಕರೆಯುವಾಗ ಕರೆಯುವ ಹಾಗೆ ಮೆಲ್ಲಗೆ ಕರೆದೆ. ಬಾಲ್ದಿಗೆ ಮೂತಿ ಇಟ್ಟಳು. ಕೊರಳಿಗೆ ಹಗ್ಗ ಹಾಕಿ ಮುಂದೆ ನಡೆದರೆ ಉಳಿದೆರಡೂ ತಾವಾಗಿ ಹಿಂದೆ ಬಂದವು. ಮೊದಲೇ ಹಾಗೆ ಮಾಡಿದ್ದರೆ ಹತ್ತು ಸಸಿಯಾದರೂ ಉಳಿಯುತ್ತಿತ್ತೇನೋ.

ಬಂದ ಮೇಲೆ ಹೊಟ್ಟೆ ನೋಡಿ. ಎಡಗಡೆ ಹೊಟ್ಟೆ ಡೋಲಿನ ಹಾಗೆ ಉಬ್ಬಿದ್ದರೆ, ಯಾರದೋ ಮನೆಯ ಭತ್ತವೋ ಅಕ್ಕಿಯೋ ತಿಂದಿದೆ ಅಂತ ಅನುಮಾನ ಇದ್ದರೆ, ಮರಗೆಣಸಿನ ಸೊಪ್ಪೋ ಎಳೆ ಜೋಳವೋ ತಿಂದು ಉಸಿರಿಗೆ ಒದ್ದಾಡುತ್ತಿದ್ದರೆ ಮನೆ ಮದ್ದಿಗೆ ಹೊತ್ತು ಕಳೆಯಬೇಡಿ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಹತ್ತಿರದ ಡಾಕ್ಟರಿಗೂ ಹೇಳಿ. ಮರಗೆಣಸು, ಎಳೆ ಜೋಳದ ವಿಷ ಒಂದೆರಡು ಗಂಟೆಯಲ್ಲೇ ದನವನ್ನು ಕೆಡವುತ್ತದೆ. ಅದಕ್ಕೆ ಇಂಜೆಕ್ಷನ್ ಇದೆ, ಬೇಗ ಕೊಟ್ಟರೆ ಬದುಕುತ್ತದೆ.

ಮತ್ತೆ, ದನ ನುಗ್ಗಿದ ತೋಟದವರ ಮನೆಗೆ ಅವರು ಬರುವ ಮೊದಲು ನೀವೇ ಹೋಗಿ. ಬೆಳಗಾಗುವ ತನಕ ಕಾಯಬೇಡಿ, ಯಾರೂ ನೋಡಿಲ್ಲ ಅಂತ ಸುಮ್ನೆ ಇರಬೇಡಿ. ಹೆಜ್ಜೆ ಗುರುತು, ಸಗಣಿ ಎಲ್ಲ ಹೇಳುತ್ತವೆ.

ತೋಟದವರಲ್ಲಿ ಒಂದೇ ಬೇಡಿಕೆ. ನಿಮ್ಮ ಸಿಟ್ಟು ನ್ಯಾಯವೇ. 63 ಸುಳಿಗಳನ್ನು ನಾನು ಒಂದೊಂದಾಗಿ ಎಣಿಸಿದ್ದೇನೆ, ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಕತ್ತಿ, ಕರೆಂಟು, ಬಿಸಿನೀರು ಬೇಡ. ದನಕ್ಕೆ ಗಡಿ ಗೊತ್ತಿಲ್ಲ, ನಮಗೆ ಗೊತ್ತು, ತಪ್ಪು ನಮ್ಮದು. ದನ ಹಿಡಿದು ದೊಡ್ಡಿಗೆ ಕಟ್ಟಿ, ನಮ್ಮ ಹತ್ತಿರ ದಂಡ ವಸೂಲಿ ಮಾಡಿ. ನಾವು ಕಟ್ಟುತ್ತೇವೆ.

ಅಧ್ಯಕ್ಷರೇ, ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಮೊದಲ ವಿಷಯವಾಗಿ ತೆಗೆದುಕೊಳ್ಳಿ. ದೊಡ್ಡಿ ಕಾಯಲು ಒಬ್ಬರನ್ನು ನೇಮಿಸಿ ಸಂಬಳ ಗೊತ್ತು ಮಾಡಿ. ದಂಡ ಎಷ್ಟು ಅಂತ ಬೋರ್ಡಿನ ಮೇಲೆ ಬರೆಸಿ, ಯಾರ ದನವಾದರೂ ಒಂದೇ ದರ, ಸದಸ್ಯರ ದನಕ್ಕೂ ಅದೇ. ಗೋಡೆ ಗಟ್ಟಿಯಾಗಿಯೇ ಇದೆ, ನಾನು ಹೋಗಿ ಸುತ್ತ ನೋಡಿ ಬಂದೆ. ಬಾಗಿಲು ಒಂದು ಹೊಸದು ಬೇಕು, ಮೂಲೆಯ ನೀರಿನ ತೊಟ್ಟಿ ಬಿರುಕು ಬಿಟ್ಟಿದೆ, ಎರಡು ಚೀಲ ಸಿಮೆಂಟು ಸಾಕು. ಮಳೆಗೆ ಅರ್ಧ ಭಾಗಕ್ಕಾದರೂ ಶೀಟು ಹಾಕಿಸಬೇಕು.

ಬರುವ ಭಾನುವಾರ ಬೆಳಿಗ್ಗೆ ಲಂಟಾನ ಕಡಿಯಲು ನಾನೂ ನಮ್ಮ ಯಜಮಾನರೂ ಕತ್ತಿ ತಗೊಂಡು ಹೋಗುತ್ತೇವೆ. ಪಕ್ಕದ ಮನೆಯವರಿಗೆ ಹೇಳಿದ್ದೇನೆ. ಬರುತ್ತೇನೆ ಅಂದಿದ್ದಾರೆ. ದೊಡ್ಡಿ ಶುರುವಾದ ಮೊದಲ ತಿಂಗಳ ಹುಲ್ಲು ನಮ್ಮ ಬಣವೆಯಿಂದ ಕೊಡುತ್ತೇನೆ, 20 ಹೊರೆ ತೆಗೆದು ಬೇರೆ ಇಟ್ಟಿದ್ದೇನೆ.

ಇಂತಿ,
ನಿಮ್ಮೂರಿನ ಒಬ್ಬ ರೈತ ಮಹಿಳೆ